ಮೂರನೇ ಮೇಜಿನ ಪ್ರಶ್ನೆಚೀಟಿ

ನಮ್ಮ ಮುದ್ರಣಾಲಯದಲ್ಲಿ ತಯಾರಾಗುವುದು ಬ್ರೈಲ್ ಪುಸ್ತಕ. ಶಾಯಿ ಇಲ್ಲ, ಶಾಯಿಯ ವಾಸನೆಯೂ ಇಲ್ಲ. ದಪ್ಪ ಹಾಳೆಯ ಮೇಲೆ ಉಬ್ಬು ಚುಕ್ಕಿಗಳು, ಅಷ್ಟೆ. ಆ ಚುಕ್ಕಿಗಳನ್ನು ಗುದ್ದುವ ಯಂತ್ರ ನೆಲಮಹಡಿಯಲ್ಲಿದೆ. ಅದನ್ನು ನಡೆಸುವವನಿಗೆ ಗುದ್ದಪ್ಪ ಎಂದು ಹೆಸರು ಬಿದ್ದು ಇಪ್ಪತ್ತು ವರ್ಷವಾಯಿತು; ಅಪ್ಪ ಅಮ್ಮ ಇಟ್ಟ ಹೆಸರು ಏನೆಂದು ಕೇಳಿದರೆ ಅವನೇ ಒಂದು ಕ್ಷಣ ಯೋಚಿಸುತ್ತಾನೆ.

ಮೇಲಿನ ಮಹಡಿಯಲ್ಲಿ ಕರಡು ತಿದ್ದುವ ಕೋಣೆ. ಮೂರು ಮೇಜು, ಮೇಜಿಗೆ ಇಬ್ಬರು. ಒಬ್ಬರು ಓದುವವರು, ಕಣ್ಣು ಕಾಣದವರು. ಇನ್ನೊಬ್ಬರು ಹಿಡಿಯುವವರು, ಕಣ್ಣಿರುವವರು. ಓದುವವರು ಕರಡಿನ ಮೇಲೆ ಬೆರಳಾಡಿಸುತ್ತಾ ಗಟ್ಟಿಯಾಗಿ ಹೇಳುತ್ತಾ ಹೋಗುತ್ತಾರೆ. ಅಕ್ಷರದ ಜೊತೆಗೆ ಕಾಮಾ, ಪೂರ್ಣವಿರಾಮ, ಹೊಸ ಪ್ಯಾರಾ ಎಲ್ಲವನ್ನೂ ಹೇಳಬೇಕು. ಹಿಡಿಯುವವರು ಮೂಲ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು ಸಾಲುಸಾಲಾಗಿ ಹಿಂಬಾಲಿಸುತ್ತಾರೆ. ಕೇಳಿದ್ದಕ್ಕೂ ಕಂಡದ್ದಕ್ಕೂ ಹೊಂದದ ಕಡೆ ಪೆನ್ಸಿಲಿನಿಂದ ಮೇಜು ಕುಟ್ಟುತ್ತಾರೆ. ಪುಟ ಮುಗಿದ ಮೇಲೆ ಇಬ್ಬರೂ ಗುರುತು ಹಾಕಬೇಕು. ಹಿಡಿಯುವವರದು ಒಂದು ಪೆನ್ಸಿಲ್ ಗೀಟು, ಓದುವವರದು ಮೊಳೆಯಿಂದ ಚುಚ್ಚಿದ ಒಂದು ಚುಕ್ಕಿ. ಎರಡು ಗುರುತಿಲ್ಲದ ಹಾಳೆಯನ್ನು ಗುದ್ದಪ್ಪ ಯಂತ್ರಕ್ಕೆ ಹಾಕುವುದಿಲ್ಲ. ದೇವರೇ ಇಳಿದು ಬಂದು ತುರ್ತು ಅಂದರೂ ಮೇಲಿನ ಮಹಡಿಗೆ ಕಳಿಸುತ್ತಾನೆ.

ಮೂರನೇ ಮೇಜಿನಲ್ಲಿ ಹಿಡಿಯುವವಳು ನಾನು. ಓದುವವರು ಬೆರಳಣ್ಣ. ವಯಸ್ಸು ಐವತ್ತನಾಲ್ಕು, ಹುಟ್ಟಿನಿಂದ ಕಣ್ಣಿಲ್ಲ. ನಾನು ಅಣ್ಣ ಅನ್ನುತ್ತೇನೆ, ಅವರು ತಂಗಿ ಅನ್ನುತ್ತಾರೆ, ಜಗಳವಾದ ದಿನ ಮಾತ್ರ ಮೇಡಂ. ನಾನು ಕೆಲಸಕ್ಕೆ ಸೇರಿ ಎಂಟು ವರ್ಷ ಎಂಟು ತಿಂಗಳಾಗಿತ್ತು. ಒಂಬತ್ತು ತುಂಬಿದರೆ ಖಾಯಂ. ಅಲ್ಲಿಯವರೆಗೆ ವರ್ಷಕ್ಕೊಂದು ಕಾಗದಕ್ಕೆ ಸಹಿ ಹಾಕಿ, ಇನ್ನೊಂದು ವರ್ಷ ಉಸಿರಾಡಬಹುದು ಎಂದು ತಿಳಿದುಕೊಳ್ಳುವುದು. ನಾಲ್ಕು ತಿಂಗಳು ಉಳಿದಿತ್ತು ಅನ್ನುವಾಗ ಕೇಂದ್ರ ಕಚೇರಿಯಿಂದ ಏಕಾಗ್ರತೆ ಬಂತು.

ನಾಲ್ಕು ರಟ್ಟಿನ ಡಬ್ಬಗಳಲ್ಲಿ ಬಂತು. ಒಂದರಲ್ಲಿ ಪರದೆಗಳು, ಒಂದರಲ್ಲಿ ಪರದೆಯ ನೆತ್ತಿಗೆ ಸಿಕ್ಕಿಸುವ ಕ್ಯಾಮೆರಾಗಳು, ಒಂದರಲ್ಲಿ ಬೆರಳಿಗೆ ಹಾಕುವ ಉಂಗುರಗಳು, ಕೊನೆಯದರಲ್ಲಿ ಬೀಗದ ಪೆಟ್ಟಿಗೆಗಳು. ಬೆಳಗ್ಗೆ ಪೆಟ್ಟಿಗೆಯೊಳಗೆ ಫೋನ್ ಹಾಕಿದರೆ ಸಂಜೆ ಐದೂವರೆಗೆ ತಾನಾಗಿ ತೆರೆದುಕೊಳ್ಳುತ್ತದೆ. ಕಣ್ಣು ಪರದೆಯಿಂದ ಐದು ಸೆಕೆಂಡಿಗಿಂತ ಹೆಚ್ಚು ಕದಲಿದರೆ ಕ್ಯಾಮೆರಾಗೆ ಗೊತ್ತಾಗುತ್ತದೆ, ಕ್ಯಾಮೆರಾ ಉಂಗುರಕ್ಕೆ ಹೇಳುತ್ತದೆ, ಉಂಗುರ ಬೆರಳನ್ನು ಗುರ್ ಎಂದು ನಡುಗಿಸುತ್ತದೆ. ಮಾತಾಡಿದರೆ ಮೇಜಿಗೊಂದರಂತೆ ಇಟ್ಟ ಮೈಕಿಗೆ ಗೊತ್ತಾಗುತ್ತದೆ. ದಿನದ ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ. ಮೂರು ತಿಂಗಳ ಸರಾಸರಿ ಅರವತ್ತಕ್ಕಿಂತ ಕಡಿಮೆಯಾದರೆ, ಖಾಯಂ ಅಲ್ಲದವರು ಮನೆಗೆ ಹೋಗಿ ಎಲ್ಲಿ ಬೇಕಾದರೂ ಗಮನ ಕೊಡಬಹುದು.

ಕೇಂದ್ರ ಕಚೇರಿಗೆ ಹನ್ನೊಂದು ಶಾಖೆ. ಮಿಕ್ಕ ಹತ್ತರಲ್ಲಿ ಅರ್ಜಿ ನಮೂನೆ, ಟಿಕೆಟ್ಟು, ಔಷಧಿ ಡಬ್ಬಿಯ ಲೇಬಲ್ಲು ಅಚ್ಚಾಗುತ್ತವೆ. ಅಲ್ಲಿಯವರು ಪರದೆ ನೋಡಿಯೇ ಕೆಲಸ ಮಾಡುವವರು. ಹತ್ತು ಕಾಲಿಗೆ ಹೊಂದಿದ ಚಪ್ಪಲಿ ಹನ್ನೊಂದನೆಯ ಕಾಲಿಗೂ ಹೊಂದಲೇಬೇಕು. ಹೊಂದದಿದ್ದರೆ ಕಾಲನ್ನು ಸರಿಮಾಡುತ್ತಾರೆ. ಇದಕ್ಕೆ ಆಡಳಿತ ಎಂದು ಹೆಸರು.

"ನೋಡಿ, ಇದು ನಿಮ್ಮ ಮೇಲೆ ಕಣ್ಣಿಡೋಕಲ್ಲ," ಎಂದರು ಮ್ಯಾನೇಜರು, ಕ್ಯಾಮೆರಾವನ್ನು ನನ್ನ ಮುಖಕ್ಕೆ ನೇರವಾಗಿ ತಿರುಗಿಸುತ್ತಾ. "ನಿಮ್ಮ ಒಳ್ಳೇದಕ್ಕೇ. ಗಮನ ಅನ್ನೋದು ತೋಳಿದ್ದ ಹಾಗೆ. ವ್ಯಾಯಾಮ ಕೊಟ್ರೆ ಬೆಳೀತದೆ."

"ಸಾರ್, ನನಗೂ ಕ್ಯಾಮೆರಾನಾ?" ಬೆರಳಣ್ಣ ಕೇಳಿದರು.

"ಎಲ್ರಿಗೂ. ಭೇದಭಾವ ಮಾಡೋ ಹಾಗಿಲ್ಲ. ನಿಮಗೂ ಹೊಸ ಪರದೆ ಬಂದಿದೆ."

"ಎಷ್ಟು ದೊಡ್ಡದು ಸಾರ್?"

"ಇಪ್ಪತ್ನಾಲ್ಕು ಇಂಚು."

"ಸಂತೋಷ. ಹಳೇದು ಸ್ವಲ್ಪ ಚಿಕ್ಕದಾಗ್ತಿತ್ತು."

ಹಳೆಯದು ಇರಲಿಲ್ಲ. ಮ್ಯಾನೇಜರು ಪಟ್ಟಿಯಲ್ಲಿ ಟಿಕ್ ಹಾಕಿಕೊಂಡು ಎರಡನೇ ಮೇಜಿಗೆ ಹೋದರು.

ಮೂರನೆಯ ದಿನಕ್ಕೆಲ್ಲ ನಾವು ಈ ಸಂಸಾರಕ್ಕೆ ಹೆಸರಿಟ್ಟಿದ್ದೆವು. ಕ್ಯಾಮೆರಾ ಅತ್ತೆ. ಉಂಗುರ ನಾದಿನಿ, ಅತ್ತೆ ಕಂಡದ್ದನ್ನು ತಕ್ಷಣ ಚುಚ್ಚಿ ಹೇಳುವವಳು. ಫೋನ್ ನುಂಗಿ ಸುಮ್ಮನೆ ಕೂರುವ ಪೆಟ್ಟಿಗೆ ಮಾವ. ಹೆಸರಿಟ್ಟದ್ದು ಎರಡನೇ ಮೇಜಿನ ಹಿಡಿಯುವವರು. ಅವರಿಗೆ ಅರವತ್ತರ ಹತ್ತಿರ, ಆದರೆ ಕೆಲಸಕ್ಕೆ ಸೇರಿದ್ದು ನನಗಿಂತ ತಡವಾಗಿ; ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. "ನನ್ನ ಗಂಡನ ಮನೇಲೂ ಇಷ್ಟು ಕಾವಲಿರ್ಲಿಲ್ಲ ಕಣ್ರೇ," ಎಂದರು. ಅದನ್ನು ಹೇಳುವಾಗ ಪರದೆಯಿಂದ ಕಣ್ಣು ತೆಗೆದಿದ್ದರು. ನಾದಿನಿ ಗುರ್ ಎಂದಳು.

ಮೊದಲ ವಾರದ ಅಂಕಪಟ್ಟಿಯನ್ನು ಬಾಗಿಲ ಪಕ್ಕ ಅಂಟಿಸಿದರು. ಶಾಖೆಗೆ ಮೊದಲ ಸ್ಥಾನ ಬೆರಳಣ್ಣ, ತೊಂಬತ್ತೆಂಟು. ಎರಡನೆಯದು ಮತ್ತು ಮೂರನೆಯದು ಮಿಕ್ಕ ಇಬ್ಬರು ಓದುವವರು. ಕೊನೆಯ ಮೂರು ಸ್ಥಾನ ಹಿಡಿಯುವವರದು. ಕಟ್ಟಕಡೆಯವಳು ನಾನು, ಇಪ್ಪತ್ತೊಂದು.

ಇದರಲ್ಲಿ ಪವಾಡವೇನೂ ಇಲ್ಲ. ಬ್ರೈಲ್ ಓದುವವರು ತಲೆ ತಗ್ಗಿಸುವುದಿಲ್ಲ. ಕೈ ಕೆಳಗೆ ಓಡುತ್ತಿರುತ್ತದೆ, ಮುಖ ನೆಟ್ಟಗೆ ಮುಂದಕ್ಕಿರುತ್ತದೆ, ಕಣ್ಣು ಕದಲುವುದಿಲ್ಲ. ಮುಂದಿರುವುದು ಇಪ್ಪತ್ನಾಲ್ಕು ಇಂಚಿನ ಪರದೆ. ಅದನ್ನು ಯಾರೂ ಒಂದು ದಿನವೂ ಆನ್ ಮಾಡಿರಲಿಲ್ಲ. ನಾನು ಪುಸ್ತಕ ನೋಡುತ್ತೇನೆ. ಪುಸ್ತಕ ಮೇಜಿನ ಮೇಲಿದೆ. ಹಾಗಾಗಿ ದಿನಕ್ಕೆ ಆರೂವರೆ ಗಂಟೆ ನಾನು ಎಲ್ಲೋ ನೋಡುತ್ತಿರುತ್ತೇನೆ.

ಮಾತಿನ ಅಂಕವೂ ನನ್ನ ತಲೆಗೇ ಬಂತು. ಮೇಜಿನ ಮೈಕು ನನ್ನ ಕಡೆಗಿತ್ತು. "ವೈಯಕ್ತಿಕ ಮಾತುಕತೆ: ದಿನಕ್ಕೆ ಆರು ಗಂಟೆ ಹತ್ತು ನಿಮಿಷ." ಆ ವಾರ ಅಣ್ಣ ನನ್ನೊಂದಿಗೆ ವೈಯಕ್ತಿಕವಾಗಿ ಮಾತಾಡಿದ್ದು ಮೂತ್ರಪಿಂಡದ ರಚನೆಯ ಬಗ್ಗೆ, ಒಂಬತ್ತನೇ ತರಗತಿಯ ಶರೀರಶಾಸ್ತ್ರ, ಎರಡನೇ ಭಾಗ.

ನಾನು ಸುಮ್ಮನೆ ಕೂರಲಿಲ್ಲ. ಮೂಲ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೇ ತೆರೆದೆ. ಐದು ನಿಮಿಷಕ್ಕೆ ತಂತ್ರಾಂಶ ಅದನ್ನು ಮುಚ್ಚಿತು. ಕಾರಣ: ಚಿತ್ರ ವೀಕ್ಷಣೆ, ಮನರಂಜನೆ. ಮತ್ತೆ ತೆರೆದೆ, ಮತ್ತೆ ಮುಚ್ಚಿತು. ಮೂತ್ರಪಿಂಡದ ಅಡ್ಡಕೊಯ್ತದಲ್ಲಿ ನಾನು ಕಂಡ ಮನರಂಜನೆ ಏನೆಂದು ಇವತ್ತಿಗೂ ತಿಳಿದಿಲ್ಲ. ಆಮೇಲೆ ಪುಸ್ತಕವನ್ನು ಎತ್ತಿ ಪರದೆಗೆ ಒರಗಿಸಿ ನಿಲ್ಲಿಸಿದೆ. ಪುಸ್ತಕ ಕ್ಯಾಮೆರಾಗೆ ಅಡ್ಡ ಬಂತು. ಆ ದಿನ ನನಗೆ ಪೂರ್ತಿ ಗೈರುಹಾಜರಿ.

ಮನೆಯಲ್ಲಿ ಹೇಳಿದೆ. ನನ್ನ ಗಂಡ ಲಿಫ್ಟ್ ರಿಪೇರಿಯವನು. ಯಾವ ಯಂತ್ರದ ಬಗ್ಗೆ ಹೇಳಿದರೂ ಮೊದಲು ಅದರ ಪರ ವಹಿಸುತ್ತಾನೆ.

"ಸೆಟಿಂಗ್ ಬದಲಾಯಿಸ್ಬೇಕಷ್ಟೆ."

"ಯಾರು ಬದಲಾಯಿಸ್ಬೇಕು?"

"ಮಷೀನ್ ಹಾಕಿದವ್ರು."

"ಅವ್ರು ನನ್ನ ಸೆಟಿಂಗ್ ಬದಲಾಯಿಸ್ತಿದ್ದಾರೆ."

ನಿಜವಾದ ಅತ್ತೆ ಒಳಗಿನಿಂದ ಕೇಳಿಸಿಕೊಂಡು ಬಂದರು. ಕ್ಯಾಮೆರಾಗೆ ಅತ್ತೆ ಎಂದು ಹೆಸರಿಟ್ಟ ವಿಷಯ ನನ್ನ ಮಗಳ ಬಾಯಿಂದ ಅವರಿಗೆ ತಲುಪಿತ್ತು. "ದಿನಕ್ಕೆ ಎಂಟು ಗಂಟೆ ನಿನ್ನ ಮುಖ ನೋಡ್ತಾ ಕೂರೋಕೆ ನನಗೇನು ಬೇರೆ ಕೆಲಸ ಇಲ್ವೇನೇ?" ಎಂದರು. ಬಹಳ ನೊಂದುಕೊಂಡಿದ್ದರು. ಆಮೇಲೆ, "ಒಂಬತ್ತು ವರ್ಷಕ್ಕೆ ಎಷ್ಟು ದಿನ ಇದೆ?" ಎಂದು ಕೇಳಿದರು. ಆ ಮನೆಯಲ್ಲಿ ಎಲ್ಲರಿಗೂ ಆ ದಿನಾಂಕ ಗೊತ್ತಿತ್ತು. ಆದರೂ ಕೇಳುತ್ತಿದ್ದರು.

ಎರಡನೇ ತಿಂಗಳು ಬೆರಳಣ್ಣನಿಗೆ ಪ್ರಶಸ್ತಿ ಬಂತು. ಹನ್ನೊಂದು ಶಾಖೆಗಳಲ್ಲೇ ಅತ್ಯಂತ ಏಕಾಗ್ರ ನೌಕರ. ಗಾಜು ಹಾಕದ ಚೌಕಟ್ಟಿನಲ್ಲಿ ಒಂದು ಪತ್ರ. ಅಣ್ಣ ಅದರ ಮೇಲೆ ಮೇಲಿಂದ ಕೆಳಕ್ಕೆ ಬೆರಳಾಡಿಸಿ, ತಿರುಗಿಸಿ ಹಿಂಬದಿಯನ್ನೂ ನೋಡಿ, ನನ್ನ ಕಡೆ ಬಗ್ಗಿದರು.

"ಖಾಲಿ ಹಾಳೆ ಕೊಟ್ಟಿದ್ದಾರಲ್ಲ ತಂಗೀ."

"ಶಾಯೀಲಿ ಅಚ್ಚು ಮಾಡಿದ್ದಾರೆ ಅಣ್ಣ. ಬಂಗಾರದ ಬಣ್ಣ."

"ಬ್ರೈಲ್ ಅಚ್ಚು ಮಾಡೋರು ಹತ್ರದಲ್ಲೆಲ್ಲೂ ಸಿಗ್ಲಿಲ್ಲ ಅನ್ಸುತ್ತೆ."

ಮ್ಯಾನೇಜರಿಗೆ ಇವರಿಗೆ ಕಣ್ಣಿಲ್ಲವೆಂದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ದಿನಾ ಬೆಳಗ್ಗೆ ಅವರ ಕೋಲು ದಾಟಿಕೊಂಡೇ ಒಳಗೆ ಹೋಗುತ್ತಿದ್ದರು. ಆದರೆ ಕೇಂದ್ರ ಕಚೇರಿಗೆ ಹೋಗುವ ಪಟ್ಟಿಯಲ್ಲಿ ಕಣ್ಣಿಗೆ ಕಾಲಂ ಇರಲಿಲ್ಲ. ಅಂಕಕ್ಕೆ ಮಾತ್ರ ಇತ್ತು. ನಮ್ಮ ಶಾಖೆಯ ಹೆಸರು ಮೊದಲ ಸಲ ಪಟ್ಟಿಯ ಮೇಲ್ಗಡೆ ಬಂದಿತ್ತು. ಅದನ್ನು ಕೈಯಾರೆ ಕೆಳಗಿಳಿಸುವಂಥ ಮನುಷ್ಯ ಮ್ಯಾನೇಜರ್ ಆಗುವುದಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಹಿಡಿಯುವವರಿಗೆಲ್ಲ ಒಂದು ದಿನದ ತರಬೇತಿ ಇಟ್ಟರು. ಹೊರಗಿನಿಂದ ತರಬೇತುದಾರ ಬಂದ. ಗೋಡೆಗೆ ಕಪ್ಪು ಚುಕ್ಕಿ ಅಂಟಿಸಿ ನಮ್ಮ ಮೂವರನ್ನೂ ಅದನ್ನೇ ನೋಡುತ್ತಾ ಕೂರಿಸಿದ. ದಿನವಿಡೀ ಚುಕ್ಕಿಯ ಕೆಲಸ ಮಾಡುವವರಿಗೆ ಇದು ಮೊದಲ ತರಗತಿಗೆ ವಾಪಸ್ ಹೋದಂತಿತ್ತು. ಮಧ್ಯಾಹ್ನದ ಮೇಲೆ ಮಾದರಿ ನೌಕರರಿಂದ ಅನುಭವ ಹಂಚಿಕೆ. ಬೆರಳಣ್ಣನನ್ನು ವೇದಿಕೆಗೆ ಕರೆದರು.

"ನಿಮ್ಮ ಗುಟ್ಟೇನು, ಹೇಳಿ," ಎಂದ ತರಬೇತುದಾರ.

"ಗುಟ್ಟೇನಿಲ್ಲ. ಪರದೆ ಮೇಲೆ ಏನೇ ಬರ್ಲಿ, ನಾನು ವಿಚಲಿತ ಆಗೋದಿಲ್ಲ."

"ನೋಡಿ! ಮನಸ್ಸು ಅಲ್ಲಿ ಇಲ್ಲಿ ಹರಿಯೋದಿಲ್ವಾ? ಕಿಟಕಿ ಕಡೆ?"

"ಕಿಟಕಿ ಯಾವ ಕಡೆ ಇದೆ ಅಂತಾನೇ ಮರ್ತುಬಿಟ್ಟಿದ್ದೀನಿ."

ತರಬೇತುದಾರ ಅದನ್ನು ಹಲಗೆಯ ಮೇಲೆ ಬರೆದ. ದೊಡ್ಡಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ನಾನೂ ನಕ್ಕೆ. ನಗುತ್ತಿರುವಾಗಲೇ ಬಾಗಿಲ ಪಕ್ಕದ ಪಟ್ಟಿ ಕಾಣಿಸಿತು: ಇಪ್ಪತ್ತೆರಡು.

ಮೂರನೇ ತಿಂಗಳು ಮುಗಿಯಿತು. ನಾಲ್ಕನೆಯದರ ಮೊದಲ ವಾರ, ಒಂದು ಮಂಗಳವಾರ, ಕರಡುಗಳ ತಟ್ಟೆಯಿಂದ ಮುಂದಿನ ಹಾಳೆ ಎತ್ತಿಕೊಂಡೆ. ನಮ್ಮಲ್ಲಿ ಯಾವ ಮೇಜು ಖಾಲಿಯಾಗುತ್ತದೋ ಆ ಮೇಜು ಮೇಲಿನ ಹಾಳೆ ತೆಗೆದುಕೊಳ್ಳಬೇಕು, ಆರಿಸುವಂತಿಲ್ಲ. ಶರೀರಶಾಸ್ತ್ರದ ನಡುವೆ ಕಚೇರಿಯ ಒಂದು ಪತ್ರವಿತ್ತು. ಸಿಬ್ಬಂದಿಗೆ ಸಂಬಂಧಿಸಿದ ಯಾವ ಆದೇಶವನ್ನಾದರೂ ನಮ್ಮಲ್ಲಿ ಎರಡು ಪ್ರತಿ ಮಾಡುತ್ತಾರೆ, ಮೇಜಿನ ಇಬ್ಬರೂ ಓದಲಿ ಎಂದು: ಒಂದು ಶಾಯಿಯದು, ಒಂದು ಬ್ರೈಲಿನದು. ಬ್ರೈಲಿನದಾದ್ದರಿಂದ ಅದಕ್ಕೂ ಕರಡು, ಅದಕ್ಕೂ ಎರಡು ಗುರುತು.

ಶಾಯಿಯ ಪ್ರತಿ ನನ್ನ ಮುಂದಿಟ್ಟುಕೊಂಡೆ. ಬ್ರೈಲ್ ಕರಡನ್ನು ಅಣ್ಣನ ಕೈಕೆಳಗೆ ಜಾರಿಸಿದೆ. ಅವರು ಎಂದಿನ ದನಿಯಲ್ಲಿ ಶುರು ಮಾಡಿದರು. ಮೂತ್ರಪಿಂಡಕ್ಕೂ ಅದೇ ದನಿ, ಕಥೆಗೂ ಅದೇ ದನಿ.

"ಮೂರನೇ ಮೇಜಿನ ಹಿಡಿಯುವವರಿಗೆ, ಪೂರ್ಣವಿರಾಮ, ಹೊಸ ಪ್ಯಾರಾ. ಕಳೆದ ಮೂರು ತಿಂಗಳಲ್ಲಿ ತಮ್ಮ ಸರಾಸರಿ ಏಕಾಗ್ರತೆ ಶೇಕಡಾ ಬಚ ಆಗಿದ್ದು, ಕಾಮಾ—"

ನಾನು ಮೇಜು ಕುಟ್ಟಿದೆ. ಕೈ ತಾನಾಗಿ ಕುಟ್ಟಿತು.

"ಬಚ ಅಂತಿದೆಯಾ?"

"ಬಚ. ಬ, ಚ. ಸಂಖ್ಯೆ ಚಿಹ್ನೆ ಬಿಟ್ಟಿದ್ದಾರೆ." ಬ್ರೈಲಿನಲ್ಲಿ ಅಂಕಿಗೂ ಅಕ್ಷರಕ್ಕೂ ಅವೇ ಚುಕ್ಕಿ; ಮುಂದೆ ಚಿಹ್ನೆ ಇದ್ದರೆ ಅಂಕಿ. "ಎರಡು, ಮೂರು. ಇಪ್ಪತ್ತಮೂರು." ಅವರ ಬೆರಳು ನಿಂತಿತು. "ತಂಗೀ, ಇದು..."

"ಮುಂದಕ್ಕೆ ಓದಿ ಅಣ್ಣ."

"ಕೆಲಸದ ವೇಳೆಯಲ್ಲಿ ತಮ್ಮ ಕಣ್ಣು ಕೆಲಸದ ಮೇಲೆ ಇರಲಿಲ್ಲವೆಂದು ದೃಢಪಟ್ಟಿದೆ, ಪೂರ್ಣವಿರಾಮ. ಆದ್ದರಿಂದ ಈ ತಿಂಗಳ ಕೊನೆಯ ದಿನದಿಂದ ತಮ್ಮ ಸೇವೆ ಅಗತ್ಯವಿರುವುದಿಲ್ಲ, ಪೂರ್ಣವಿರಾಮ. ಇದೇ ಮೇಜಿನ ಓದುವವರ ಏಕಾಗ್ರತೆ ಶೇಕಡಾ 98 ಇರುವುದನ್ನು ತಾವು ಮಾದರಿಯಾಗಿ ನೋಡಬಹುದಿತ್ತು, ಪೂರ್ಣವಿರಾಮ."

ತಿಂಗಳ ಕೊನೆಯ ದಿನದ ಮಾರನೇ ದಿನ ನನಗೆ ಒಂಬತ್ತು ವರ್ಷ ತುಂಬುತ್ತಿತ್ತು.

ಪರದೆಯ ಮೂಲೆಯಲ್ಲಿ ಅಕ್ಷರ ಮೂಡಿತು: ವೈಯಕ್ತಿಕ ಮಾತುಕತೆ, ನಾಲ್ಕು ನಿಮಿಷ. ಯಂತ್ರ ಮೊದಲ ಬಾರಿಗೆ ಸರಿ ಹೇಳಿತ್ತು.

ತಪ್ಪು ತಪ್ಪೇ. ಸಂಖ್ಯೆ ಚಿಹ್ನೆ ಇಲ್ಲ ಎಂದು ಬರೆದು ಹಾಳೆಯನ್ನು ವಾಪಸ್ ಕಳಿಸಿದೆವು. ತಿದ್ದಿದ ಕರಡು ಬರಲು ನಾಲ್ಕು ದಿನವಾಯಿತು. ಆ ನಾಲ್ಕು ದಿನ ಮೇಲಿನ ಮಹಡಿಯವರೆಲ್ಲ ನನ್ನನ್ನು ರೋಗಿಯನ್ನು ಮಾತಾಡಿಸುವಂತೆ ಮಾತಾಡಿಸಿದರು. ಗುದ್ದಪ್ಪ ಮಹಡಿ ಹತ್ತಿ ಬಂದ. ಮಂಡಿನೋವಿರುವವನು, ಹತ್ತುವವನಲ್ಲ.

"ಅಕ್ಕಾ, ಇನ್ನೊಂದು ತಪ್ಪು ಹುಡುಕು. ಆಮೇಲೆ ಇನ್ನೊಂದು. ತಿಂಗಳು ದಾಟಿಸ್ಬಿಡೋಣ. ಗುರುತಿಲ್ದೆ ನಾನು ಗುದ್ದೋದಿಲ್ಲ, ಗುದ್ದದೆ ಆದೇಶ ಹೊರಡೋದಿಲ್ಲ."

"ತಪ್ಪಿಲ್ದಿದ್ರೆ?"

"ಇಲ್ದಿದ್ರೆ ಇದೆ ಅನ್ನು. ಯಾರು ನೋಡ್ತಾರೆ?"

ಯಾರೂ ನೋಡುವುದಿಲ್ಲ. ಅದೇ ಕಷ್ಟ. ಎಂಟು ವರ್ಷ ಹನ್ನೊಂದು ತಿಂಗಳು ಯಾರೂ ನೋಡದ ಕಡೆಯೇ ನಾನು ಸರಿಯಿದ್ದದ್ದನ್ನು ಸರಿ, ತಪ್ಪಿದ್ದದ್ದನ್ನು ತಪ್ಪು ಅಂದಿದ್ದೆ. ಓದುವ ಮಕ್ಕಳಿಗೆ ಪಕ್ಕದಲ್ಲಿ ಹೋಲಿಸಿ ನೋಡಲು ಇನ್ನೊಂದು ಪುಸ್ತಕ ಇರುವುದಿಲ್ಲ. ನಾವು ಬಿಟ್ಟ ಸಾಲು ಅವರಿಗೆ ಲೋಕದಲ್ಲೇ ಇಲ್ಲದ ಸಾಲು.

ಶನಿವಾರ ಕರಡು ಬಂತು. ಅಣ್ಣ ಓದಿದರು, ನಾನು ಹಿಡಿದೆ. ಸಂಖ್ಯೆ ಚಿಹ್ನೆ ಇತ್ತು. ಕಾಮಾ ಇತ್ತು. ಕೊನೆಯ ಪೂರ್ಣವಿರಾಮವೂ ಇತ್ತು. ಅಣ್ಣ ಹಾಳೆಯನ್ನು ಎರಡನೇ ಸಲ ಓದಿದರು, ನಮ್ಮಲ್ಲಿ ಹಾಗೆ ಮಾಡುವ ಪದ್ಧತಿಯೇ ಇಲ್ಲ. ಮೂರನೇ ಸಲ ಬಾಯಿಬಿಡದೆ ಓದಿದರು.

"ಅಕ್ಷರ ಸರಿ ಇದೆ, ತಂಗೀ."

"ಹೌದು ಅಣ್ಣ. ಸರಿ ಇದೆ."

ನಾನು ಹಾಳೆಯಿಂದ ಕಣ್ಣು ತೆಗೆಯಲಿಲ್ಲ. ಉಂಗುರ ಗುರ್ ಎಂದಿತು.

"ಒಂದು ಚೀಟಿ ಕೊಡು," ಎಂದರು.

"ಯಾವ ಚೀಟಿ?"

"ಹಳದೀದು."

ಹಳದಿ ಚೀಟಿ ನಮ್ಮಲ್ಲಿ ಪ್ರಶ್ನೆಚೀಟಿ. ಅಕ್ಷರ ಸರಿಯಿದ್ದು ವಿಷಯವೇ ಅನುಮಾನವಾದಾಗ ಬಳಸುವುದು. ಶರೀರಶಾಸ್ತ್ರದ ಮೊದಲ ಭಾಗದಲ್ಲಿ ಹೃದಯ ಎದೆಯ ಬಲಭಾಗದಲ್ಲಿದೆ ಎಂದಿತ್ತು. ಮೂಲದಲ್ಲೂ ಹಾಗೇ, ಬ್ರೈಲಿನಲ್ಲೂ ಹಾಗೇ. ನಾವು ತಿದ್ದುವಂತಿಲ್ಲ, ಬರೆದವರನ್ನು ಕೇಳಬೇಕು. ಬರೆದವರು ಅದೇ ಚೀಟಿಯ ಕೆಳಗೆ ಕೈಯಾರೆ ಉತ್ತರ ಬರೆದು ಸಹಿ ಹಾಕುವವರೆಗೆ ಪುಟ ಕದಲುವುದಿಲ್ಲ. ಚೀಟಿಗೂ ಎರಡು ಗುರುತು ಬೇಕು.

"ಬರ್ಕೋ," ಎಂದರು ಅಣ್ಣ. ನಾನು ಬರೆದುಕೊಂಡೆ.

"ಎರಡನೇ ಪ್ಯಾರಾ. ಕಣ್ಣು ಕೆಲಸದ ಮೇಲೆ ಇರಲಿಲ್ಲ ಎಂದಿದೆ. ಈ ಕೋಣೆಯಲ್ಲಿ ಕೆಲಸ ಇರುವುದು ಹಾಳೆಯ ಮೇಲೆ, ಪರದೆಯ ಮೇಲಲ್ಲ. ಶೇಕಡಾ 98 ಪಡೆದ ಓದುವವನು ನಾನು. ನನಗೆ ಹುಟ್ಟಿನಿಂದ ಕಣ್ಣಿಲ್ಲ. ನನ್ನ ಪರದೆಯನ್ನು ಇದುವರೆಗೆ ಯಾರೂ ಆನ್ ಮಾಡಿಲ್ಲ. ಹಿಡಿಯುವವರು ಮಾದರಿಯಾಗಿ ಏನನ್ನು ನೋಡಬೇಕಿತ್ತು? ಬರೆದವರು ದಯವಿಟ್ಟು ಖಚಿತಪಡಿಸಬೇಕು."

ಮೊಳೆ ತೆಗೆದುಕೊಂಡು ಮೂಲೆಯಲ್ಲಿ ಚುಚ್ಚಿದರು. "ನಿನ್ನ ಗೀಟು ನಿನ್ನಿಷ್ಟ," ಎಂದರು.

"ಅಣ್ಣ, ನಿಮ್ಮ ತೊಂಬತ್ತೆಂಟು ಹೋಗ್ತದೆ. ಅದಿಲ್ಲದೆ ನಿಮ್ಮನ್ನ ಯಾಕಿಟ್ಕೋಬೇಕು ಅಂತ ಕೇಳ್ತಾರೆ."

"ಕೇಳ್ಲಿ. ಕೇಳಿದ್ರೆ ಹೇಳ್ಬಹುದು. ಇಷ್ಟು ದಿನ ಯಾರೂ ಕೇಳ್ಲೇ ಇಲ್ವಲ್ಲ."

ಗುಟ್ಟು ಉಳಿಯುವ ಕೋಣೆ ಅದಲ್ಲ, ಮೈಕಿತ್ತು. ನಾನು ಪೆನ್ಸಿಲ್ ಎತ್ತುವ ಮೊದಲೇ ಮ್ಯಾನೇಜರು ಬಂದರು. ನನ್ನನ್ನು ಮೆಟ್ಟಿಲ ಬಳಿ ಕರೆದೊಯ್ದರು.

"ಈ ಪತ್ರ ಬರೆದೋನು ನಾನಲ್ಲಮ್ಮ. ಕೇಂದ್ರ ಕಚೇರಿ. ಚೀಟಿ ಅಲ್ಲಿಗೇ ಹೋಗ್ತದೆ, ಗೊತ್ತಾ? ನಮ್ಮ ಶಾಖೆ ಅಂಕ ಪೂರ್ತಿ ನೆಲ ಕಚ್ತದೆ."

"ನನ್ನದು ಆಗ್ಲೇ ಕಚ್ಚಿದೆ ಸಾರ್."

ಅವರು ದನಿ ತಗ್ಗಿಸಿದರು. "ಕೇಳಿ. ಚೀಟಿ ಬೇಡ. ಪತ್ರ ನನ್ನ ಡ್ರಾವರಿನಲ್ಲಿ ಇಟ್ಕೊಳ್ತೀನಿ, ಕಳೆದುಹೋಯ್ತು ಅಂತೀನಿ. ತಿಂಗಳು ಕಳೀಲಿ. ನಿಮಗೆ ಒಂಬತ್ತು ತುಂಬ್ತದೆ. ಖಾಯಂ ಆದವರನ್ನ ಯಾರೂ ಮುಟ್ಟೋ ಹಾಗಿಲ್ಲ. ಆಯ್ತಾ?"

"ಮಿಕ್ಕ ಇಬ್ಬರು?"

"ಯಾರು?"

"ಒಂದನೇ ಮೇಜು, ಎರಡನೇ ಮೇಜು. ಇಪ್ಪತ್ತೇಳು, ಮೂವತ್ತೊಂದು."

"ಅವ್ರ ಪತ್ರ ಮುಂದಿನ ತಿಂಗಳು. ಅದು ಬೇರೆ ವಿಷಯ." ಗಡಿಯಾರ ನೋಡಿಕೊಂಡರು. "ಚಹಾ ಹೊತ್ತಿನೊಳಗೆ ಹೇಳಿ."

ಅದು ಬೇರೆ ವಿಷಯವಾಗಿರಲಿ ಎಂದು ನನಗೂ ಆಸೆಯಾಯಿತು. ಸುಳ್ಳು ಹೇಳುವುದಿಲ್ಲ. ಮೆಟ್ಟಿಲ ಮೇಲೆ ನಿಂತು ನಾನು ಮನಸ್ಸಿನಲ್ಲೇ ಖಾಯಂ ಆಗಿಬಿಟ್ಟೆ. ಅತ್ತೆಗೆ ಹೇಳಿದೆ, ಮಗಳಿಗೆ ಹೇಳಿದೆ, ವರ್ಷಕ್ಕೊಂದು ಕಾಗದ ಎನ್ನುವುದನ್ನು ಮರೆತೆ. ಮೂರ್ನಾಲ್ಕು ನಿಮಿಷ ಹಾಗೆ ಇದ್ದೆ. ಒಳ್ಳೆಯ ಕೆಲಸ ಅದು, ಖಾಯಂ.

ವಾಪಸ್ ಬಂದು ಅಣ್ಣನಿಗೆ ಎಲ್ಲ ಹೇಳಿದೆ. ಅವರು ಸ್ವಲ್ಪವೂ ತಡಮಾಡಲಿಲ್ಲ.

"ಒಪ್ಕೋ. ಚುಕ್ಕಿ ಅಳಿಸೋದು ಎಷ್ಟು ಹೊತ್ತಿನ ಕೆಲಸ? ಉಗುರಲ್ಲಿ ಒತ್ತಿದ್ರೆ ಹೋಯ್ತು." ಉಗುರನ್ನು ಚೀಟಿಯ ಮೂಲೆಯ ಮೇಲೆ ಇಟ್ಟೂ ಬಿಟ್ಟರು.

ಒಂದನೇ ಮೇಜಿನಲ್ಲಿ ಹಿಡಿಯುವವಳು ಪುಸ್ತಕದ ಮೇಲೆ ಬಗ್ಗಿದ್ದಳು. ಬಂದು ಎರಡನೇ ವರ್ಷ. ಬೆರಳು ಗುರ್ ಎಂದಾಗಲೆಲ್ಲ ಒಮ್ಮೆ ಪರದೆಗೆ ಮುಖ ಎತ್ತಿ, ನಮಸ್ಕಾರ ಹಾಕಿದಂತೆ ತೋರಿಸಿ, ಮತ್ತೆ ಸಾಲು ಹುಡುಕುತ್ತಿದ್ದಳು. ದೊಡ್ಡಮ್ಮ ಉಂಗುರ ನಡುಗಿಸಿ ನಡುಗಿಸಿ ಬಾತಿದ್ದ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಅದರ ಮೇಲೆ ಉಂಗುರ ಹಾಕಿಕೊಂಡಿದ್ದರು. ಉಂಗುರ ತೆಗೆದರೆ ಅಂಕ ಹೋಗುತ್ತದೆ.

ಇವರಿಬ್ಬರಿಗೂ ಬರುವ ಪತ್ರದ ಕರಡು ಮುಂದಿನ ತಿಂಗಳು ಇದೇ ತಟ್ಟೆಗೆ ಬರುತ್ತದೆ. ನಮ್ಮ ಮೇಜು ಖಾಲಿಯಿದ್ದರೆ ನಮ್ಮ ಮೇಜಿಗೆ. ಖಾಯಂ ಆದ ನಾನು ಅದನ್ನು ಹಿಡಿಯಬೇಕು. ಅಕ್ಷರ ಸರಿಯಿರುತ್ತದೆ.

"ಉಗುರು ತೆಗೀರಿ ಅಣ್ಣ," ಎಂದೆ.

ಚುಕ್ಕಿಯ ಪಕ್ಕದಲ್ಲಿ ಗೀಟು ಎಳೆದೆ.

ಮ್ಯಾನೇಜರು ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ," ಎಂದರು. ಆದರೆ ಲಕೋಟೆಗೆ ಹಾಕಿದರು. ಎರಡು ಗುರುತಿರುವ ಚೀಟಿಯನ್ನು ತಡೆಯುವ ಅಧಿಕಾರ ಅವರಿಗೂ ಇಲ್ಲ. ತಡೆದರೆ ಗುದ್ದಪ್ಪ ಯಂತ್ರ ನಿಲ್ಲಿಸುತ್ತಿದ್ದ. ಅವನು ಆಗಲೇ ಕೆಳಗಿನಿಂದ ಕೂಗಿ ಹೇಳಿಯೂ ಇದ್ದ.

ಹದಿನಾರು ದಿನ ಉತ್ತರವಿಲ್ಲ. ಮನೆಯಲ್ಲಿ ಗಂಡನಿಗೆ ಹೇಳಿದೆ, ಅವನು ಯಂತ್ರದ ಪರ ವಹಿಸಲಿಲ್ಲ. ಅತ್ತೆಗೆ ಹೇಳಿದೆ. ಅವರು ಎಷ್ಟು ದಿನ ಇದೆ ಎಂದು ಕೇಳುವುದನ್ನು ನಿಲ್ಲಿಸಿದರು. ಅದಕ್ಕೇ ಹೆಚ್ಚು ಭಯವಾಯಿತು.

ಹದಿನೇಳನೆಯ ದಿನ ಉತ್ತರ ಬಂತು, ತಿಂಗಳು ಮುಗಿಯಲು ಎರಡು ದಿನವಿರುವಾಗ. ಚೀಟಿಯ ಕೆಳಗೆ ಜಾಗ ಸಾಲದೆ ಬೇರೆ ಹಾಳೆ ಅಂಟಿಸಿದ್ದರು. ಕೋಣೆಯ ಆರು ಜನಕ್ಕೂ ಕೇಳುವಂತೆ ನಾನು ಓದಿದೆ. ಮೂರನೇ ಮೇಜಿನ ಹಿಡಿಯುವವರ ಪತ್ರವನ್ನು ತಡೆಹಿಡಿಯಲಾಗಿದೆ. ಪತ್ರ ತಡೆಹಿಡಿದಿರುವವರೆಗೆ ಅವರನ್ನು ಕೆಲಸದಿಂದ ತೆಗೆಯುವಂತಿಲ್ಲ. ಖಾಯಂ ಮಾಡುವಂತೆಯೂ ಇಲ್ಲ. ಈ ಶಾಖೆಯ ಹಿಡಿಯುವವರ ಅಂಕಗಳನ್ನು ಇನ್ನು ಮುಂದೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಓದುವವರ ಅಂಕಗಳನ್ನು ಹಿಂದಿನಿಂದಲೇ ಜಾರಿಯಾಗುವಂತೆ ಸೊನ್ನೆ ಎಂದು ತಿದ್ದಲಾಗಿದೆ. ಪ್ರಶಸ್ತಿ ಪತ್ರವನ್ನು ಚೌಕಟ್ಟಿನ ಸಮೇತ ಹಿಂದಿರುಗಿಸುವುದು.

ದೊಡ್ಡಮ್ಮ ಉಂಗುರ ಕಿತ್ತು ಮೇಜಿನ ಮೇಲೆ ಹಾಕಿದರು. ಒಂದನೇ ಮೇಜಿನವಳು ಪರದೆಯ ಕಡೆ ಮುಖ ಎತ್ತದೆ ಪುಸ್ತಕದ ಮೇಲೆ ಬಗ್ಗಿದಳು. ನನಗೆ ಕೆಲಸ ಉಳಿದಿತ್ತು. ಖಾಯಂ ಅಲ್ಲ, ಹಂಗಾಮಿಯೂ ಅಲ್ಲ, ತಡೆಹಿಡಿಯಲ್ಪಟ್ಟವಳು. ಇಂಥದ್ದೊಂದು ಹುದ್ದೆ ಇದೆಯೆಂದು ಆ ದಿನ ತಿಳಿಯಿತು.

"ಇನ್ನೊಂದು ಸಾಲಿದೆ," ಎಂದೆ.

ಓದುವವರ ಗಮನವು ಬೆರಳಿನಲ್ಲಿ ಇರುವುದಾಗಿ ತಮ್ಮ ಪ್ರಶ್ನೆಯಿಂದ ತಿಳಿದುಬಂದಿರುವುದರಿಂದ, ಬೆರಳಿನ ಚಲನೆಯನ್ನು ಅಳೆಯುವ ಸಾಧನವನ್ನು ಪ್ರತ್ಯೇಕವಾಗಿ ಕಳಿಸಲಾಗುತ್ತಿದೆ. ಮೂರು ತಿಂಗಳ ಸರಾಸರಿ ಅರವತ್ತಕ್ಕಿಂತ ಕಡಿಮೆಯಾದ ಓದುವವರ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು.

ಮುಂದಿನ ಸೋಮವಾರ ಸಾಧನ ಬಂತು. ಬೂದು ಬಣ್ಣದ ಗವಸು, ಮೂರು ಜೊತೆ. ಪ್ರತಿ ಬೆರಳಿನ ತುದಿಯಲ್ಲೂ ಬಟಾಣಿ ಗಾತ್ರದ ಸಂವೇದಕ, ಅದರ ಮೇಲೆ ರಬ್ಬರಿನ ಹೊದಿಕೆ, ಅದರ ಮೇಲೆ ಇನ್ನೊಂದು ಬಟ್ಟೆ. ಮ್ಯಾನೇಜರೇ ಅಣ್ಣನ ಕೈಗೆ ತೊಡಿಸಿ ಮಣಿಕಟ್ಟಿನಲ್ಲಿ ಪಟ್ಟಿ ಬಿಗಿದರು.

ಅಣ್ಣ ಹಾಳೆಯ ಮೇಲೆ ಕೈಯಿಟ್ಟರು. ಒಂದು ಸಾಲು ಎಡದಿಂದ ಬಲಕ್ಕೆ ಸವರಿದರು. ಮತ್ತೆ ಎಡಕ್ಕೆ ಬಂದು ಅದೇ ಸಾಲು ಸವರಿದರು. ಮುಖ ನೆಟ್ಟಗೆ ಇತ್ತು. ಮ್ಯಾನೇಜರ ಕೈಯಲ್ಲಿದ್ದ ಫಲಕದಲ್ಲಿ ಹಸಿರು ದೀಪ ಹತ್ತಿತು: ನೂರು.

"ತಂಗೀ," ಎಂದರು ಅಣ್ಣ, "ಕರೆಂಟ್ ಹೋಯ್ತಾ?"

ಯಾರೂ ನಗಲಿಲ್ಲ. ನಾನು ಹಳದಿ ಚೀಟಿಯ ಕಟ್ಟು ಎಳೆದುಕೊಂಡು, ಗವಸಿನೊಳಗಿನ ಬೆರಳಿಗೆ ಚುಕ್ಕಿ ತಾಕುವುದು ಹೇಗೆ ಎಂದು ಬರೆಯಲು ಶುರುಮಾಡಿದೆ. ಈ ಸಲ ಅಣ್ಣ ಏನನ್ನೂ ಹೇಳಿ ಬರೆಸಲಿಲ್ಲ; ಅವರು ಪಟ್ಟಿ ಬಿಚ್ಚಲು ಒದ್ದಾಡುತ್ತಿದ್ದರು. ಮೊದಲು ನನ್ನ ಗೀಟು ಎಳೆದೆ. ಗವಸಿನಿಂದ ಕೈ ಬಿಡಿಸಿಕೊಂಡು ಅಣ್ಣ ಮೊಳೆ ತಡಕಿದರು. ಅಷ್ಟರಲ್ಲಿ ದೊಡ್ಡಮ್ಮ ತಮ್ಮ ಓದುವವರ ತೋಳು ಹಿಡಿದುಕೊಂಡು ನಮ್ಮ ಮೇಜಿಗೆ ಬಂದಿದ್ದರು. ಹಿಂದೆಯೇ ಒಂದನೇ ಮೇಜಿನವರಿಬ್ಬರು.

"ನಮ್ದೂ ಹಾಕ್ಕೋ," ಎಂದರು ದೊಡ್ಡಮ್ಮ.

ಚೀಟಿಯಲ್ಲಿ ಇದ್ದದ್ದು ಎರಡು ಗುರುತಿಗೆ ಜಾಗ. ಹಿಂಬದಿಗೆ ತಿರುಗಿಸಿದೆವು.